ಮೇಲ್ ಬೆಳಿಗ್ಗೆ ನೋಡೋಣ, ಅರ್ಜೆಂಟ್ ಇದ್ರೆ ಫೋನ್ ಮಾಡಿ

ಭದ್ರಾವತಿಯ ಹಳಬರನ್ನು ಮಾತಾಡಿಸಿ ನೋಡಿ. ಯಾವ ವಿಷಯ ಶುರುವಾದರೂ ನಾಲ್ಕನೇ ಮಾತಿಗೆ ಶಿಫ್ಟ್ ಬಂದುಬಿಡುತ್ತೆ. 1923ರಲ್ಲಿ ಕಬ್ಬಿಣ ತಯಾರಿಕೆ ಶುರು ಮಾಡಿ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಾರ್ಖಾನೆ ಒಂದು ಕಡೆ, 1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದ ಕಾರ್ಖಾನೆ ಇನ್ನೊಂದು ಕಡೆ. ಊಟ, ನಿದ್ದೆ, ನೆಂಟರ ಮದುವೆ, ಸಿನಿಮಾ ಯಾವುದೇ ಇರಲಿ, ಮೊದಲು ಕೇಳುವ ಪ್ರಶ್ನೆ ಒಂದೇ: "ಈ ವಾರ ಯಾವ ಶಿಫ್ಟು?" ಕೆಲಸ ಸುಲಭದ್ದೇನಲ್ಲ. ಬಿಸಿ, ಧೂಳು, ಪಾಳಿ ಬದಲಾದ ಹಾಗೆ ಬದಲಾಗುವ ನಿದ್ದೆ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ನಿರಾಳ. ಗೇಟ್ ದಾಟಿ ಸೈಕಲ್ ಹತ್ತಿದ ಮೇಲೆ ಕುಲುಮೆ ಅವರ ಹಿಂದೆ ಮನೆಗೆ ಬರ್ತಿರಲಿಲ್ಲ.

ಹಾಗಂತ ಶಿಫ್ಟ್ ಮುಗಿಸಿದವರನ್ನು ಯಾರೂ ಕರೀತಿರಲಿಲ್ಲ ಅಂತಲ್ಲ. ಹಗಲೂ ರಾತ್ರಿ ನಡೆಯುವ ಇಂಥ ಕಾರ್ಖಾನೆಗಳಲ್ಲಿ ಮಧ್ಯರಾತ್ರಿ ಮಷಿನ್ ಕೈಕೊಟ್ಟರೆ ಅದನ್ನು ಬಲ್ಲವರು ಬರಲೇಬೇಕು. ಆದರೆ ಮನೆಮನೆಗೆ ಫೋನ್ ಇಲ್ಲದ ಕಾಲದಲ್ಲಿ ಕರೆಸಬೇಕು ಅಂದ್ರೆ ಒಬ್ಬ ಮನುಷ್ಯ ಹೊರಟು, ಆ ಮನೆವರೆಗೂ ಹೋಗಿ, ಬಾಗಿಲು ತಟ್ಟಿ ಎಬ್ಬಿಸಬೇಕು. ಅಷ್ಟು ಮಾಡಿಸುವ ಮೊದಲು ಯಾರೇ ಆದರೂ ಒಂದು ಸಲ ಯೋಚಿಸ್ತಾರೆ: ಇದು ನಿಜವಾಗ್ಲೂ ಬೆಳಿಗ್ಗೆವರೆಗೆ ಕಾಯೋದಿಲ್ವಾ?

ಇಮೇಲ್ ಬಂದು ಆ ಒಂದು ಕ್ಷಣದ ಯೋಚನೆಯನ್ನು ಕಿತ್ತುಹಾಕ್ತು. ರಾತ್ರಿ 11ಕ್ಕೆ ಮೇಲ್ ಕಳಿಸೋಕೆ ಕಳಿಸುವವರಿಗೆ ಖರ್ಚೇನೂ ಇಲ್ಲ. ಖರ್ಚೆಲ್ಲ ಓದುವವರದ್ದು: ಅರ್ಧಕ್ಕೆ ನಿಂತ ಊಟ, ಮಗು ಹೇಳ್ತಿದ್ದ ಕಥೆ, ಬರಬೇಕಿದ್ದ ನಿದ್ದೆ. ಆಫೀಸ್ ಮೇಲ್ ಮನೆಗೆ ನುಗ್ಗುವ ಸಮಸ್ಯೆಯ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ. ಹಾಗಾಗಿ ಫೋನ್ ಸ್ವಿಚ್ ಆಫ್ ಮಾಡಿ ಮಲಗೋದು ಇದಕ್ಕೆ ಪೂರ್ತಿ ಪರಿಹಾರ ಆಗೋದಿಲ್ಲ. ತುರ್ತಿಗೆ ಒಂದು ಬಾಗಿಲು ಇಡಬೇಕು, ಅದನ್ನು ತಟ್ಟೋಕೆ ಸ್ವಲ್ಪ ಶ್ರಮವೂ ಬೇಕು ಅನ್ನೋ ಹಾಗೆ ಮಾಡಬೇಕು.

ಗೋಪಾಳದ ಮಹಡಿ ರೂಮು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ನಮ್ಮ ಗೋಪಾಳದ ಬೀದಿಗಳಲ್ಲಿ ರಾತ್ರಿ ಹತ್ತೂವರೆಗೆ ಒಂದು ರೌಂಡ್ ಹಾಕಿ. ಕೆಳಗಡೆ ಮನೆಯವರು ಟೀವಿ ಆರಿಸಿ ಮಲಗುವ ಹೊತ್ತಿಗೆ ಮೇಲಿನ ರೂಮಿನ ಕಿಟಕಿಯಲ್ಲಿ ಲ್ಯಾಪ್‌ಟಾಪ್ ಬೆಳಕು ಕಾಣುತ್ತೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಬಂದವರಲ್ಲಿ ಕೆಲವರು ವಾಪಸ್ ಹೋದರು, ಕೆಲವರು ಇಲ್ಲೇ ಉಳಿದರು, ಇನ್ನು ಕೆಲವರು ತಿಂಗಳಲ್ಲಿ ಒಂದು ವಾರ ಆಫೀಸಿಗೆ ಹೋಗಿ ಬರ್ತಾರೆ. ಉಳಿದವರಿಗೆಲ್ಲ ಕಾರಣ ಹೆಚ್ಚುಕಡಿಮೆ ಒಂದೇ. ಅಪ್ಪ ಅಮ್ಮನಿಗೆ ವಯಸ್ಸಾಗ್ತಿದೆ, ಜೊತೆಗಿರಬೇಕು.

ಆದರೆ ಊರಲ್ಲಿದ್ದು ಕೆಲಸ ಮಾಡುವವರ ಮೇಲೆ ಒಂದು ಸಣ್ಣ ಅನುಮಾನ ಯಾವಾಗಲೂ ಇರುತ್ತೆ. "ಊರಲ್ಲಿ ಆರಾಮಾಗಿದ್ದಾರೆ ಬಿಡಿ" ಅಂತ ಮೀಟಿಂಗ್‌ನಲ್ಲಿ ಯಾರೋ ನಗುತ್ತಲೇ ಹೇಳ್ತಾರೆ. ತಮಾಷೆಯೇ ಇರಬಹುದು. ಆದರೆ ಕೇಳಿಸಿಕೊಂಡವರು ಅವತ್ತಿನಿಂದ ರಾತ್ರಿ ಮೇಲ್‌ಗೆ ಐದು ನಿಮಿಷದಲ್ಲಿ ಉತ್ತರ ಕೊಡೋಕೆ ಶುರು ಮಾಡ್ತಾರೆ. ಆ ಉತ್ತರದಲ್ಲಿ ಕೆಲಸಕ್ಕಿಂತ ಹೆಚ್ಚಾಗಿ "ನೋಡಿ, ನಾನು ಇಲ್ಲೇ ಇದ್ದೀನಿ" ಅನ್ನೋ ಹಾಜರಿ ಇರುತ್ತೆ. ಕೊನೆಗೆ ಆಗೋದೇನು? ಅಪ್ಪ ಅಮ್ಮನ ಜೊತೆ ಇರೋಕೆ ಅಂತ ಊರಿಗೆ ಬಂದವರು ಅದೇ ಸೋಫಾದಲ್ಲಿ ಕೂತಿರ್ತಾರೆ, ಕಣ್ಣು ಮಾತ್ರ ಫೋನಿನಲ್ಲಿ. ಅಮ್ಮ ಎರಡು ಸಲ ಕರೆದು ಮೂರನೇ ಸಲಕ್ಕೆ ಸುಮ್ಮನಾಗ್ತಾರೆ. ಅಪ್ರೈಸಲ್ ಹೋದರೆ ಮುಂದಿನ ವರ್ಷ ಇನ್ನೊಂದು ಬರುತ್ತೆ. ಈ ಸಂಜೆಗಳು ಹಾಗಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಗೆರೆ ಅಳಿಸೋದು ಆಫೀಸಿನ ಕಡೆಯಿಂದ ಮಾತ್ರ ಅಲ್ಲ. "ಮನೇಲೇ ಇದ್ದೀಯಲ್ಲ, ಬ್ಯಾಂಕಿಗೆ ಹೋಗಿ ಬಂದುಬಿಡು", "ಚಿಕ್ಕಪ್ಪ ಬಂದಿದ್ದಾರೆ, ಒಂದು ಹತ್ತು ನಿಮಿಷ ಕೂತು ಮಾತಾಡು" ಅನ್ನೋದು ಬೆಳಿಗ್ಗೆ ಹನ್ನೊಂದಕ್ಕೂ ಬರುತ್ತೆ. ಹಗಲು ಹೀಗೆ ಸೋರಿಹೋದ ಎರಡು ಗಂಟೆ ರಾತ್ರಿ ಲ್ಯಾಪ್‌ಟಾಪ್ ಎದುರು ವಸೂಲಾಗುತ್ತೆ. ರಾತ್ರಿಯ ಗೆರೆ ನಿಲ್ಲಬೇಕಾದ್ರೆ ಹಗಲಿನ ಗೆರೆಯೂ ಬೇಕು. ರೂಮಿನ ಬಾಗಿಲು ಹಾಕಿದ್ದರೆ ಕೆಲಸದಲ್ಲಿದ್ದೀನಿ, ತೆಗೆದಿದ್ದರೆ ನಿಮ್ಮವನು ಅಂತ ಮನೆಯವರ ಜೊತೆ ಒಂದು ಒಪ್ಪಂದ ಮಾಡ್ಕೊಂಡರೆ ಅವರೇ ಅದನ್ನು ಕಾಯ್ತಾರೆ. ರಾತ್ರಿ ಬಾಗಿಲು ತೆಗೆದ ಮೇಲೆ ಆ ಮಾತನ್ನು ನಾವೂ ಉಳಿಸಿಕೊಳ್ಳಬೇಕಷ್ಟೆ.

ಕಳಿಸಿದವರಿಗೆ ಇಲ್ಲದ ಅವಸರ

ರಾತ್ರಿ ಮೇಲ್ ನೋಡಿದ ಕೂಡಲೇ ಉತ್ತರ ಕೊಡಬೇಕು ಅಂತ ಯಾಕೆ ಅನಿಸುತ್ತೆ? ಲಾರಾ ಗಿಯುರ್ಜ್ ಮತ್ತು ವನೆಸ್ಸಾ ಬೋನ್ಸ್ ಅನ್ನೋ ಇಬ್ಬರು ಸಂಶೋಧಕಿಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಒಂದು ಉತ್ತರ ಇದೆ. ತುರ್ತಿಲ್ಲದ ಮೇಲ್ ಕೆಲಸದ ಹೊತ್ತು ಮುಗಿದ ಮೇಲೆ ಬಂದಾಗ, ಎಷ್ಟು ಬೇಗ ಉತ್ತರ ನಿರೀಕ್ಷಿಸ್ತಿದ್ದಾರೆ ಅಂತ ಓದುವವರು ಊಹಿಸ್ತಾರಲ್ಲ, ಕಳಿಸಿದವರ ಮನಸ್ಸಿನಲ್ಲಿ ಅಷ್ಟು ಅವಸರ ಇರೋದೇ ಇಲ್ಲ. "ಇದು ಅರ್ಜೆಂಟ್ ಅಲ್ಲ, ನಿಮಗೆ ಆದಾಗ ನೋಡಿ" ಅಂತ ಕಳಿಸುವವರು ಒಂದು ಸಾಲು ಸೇರಿಸಿದರೆ ಈ ಅಂತರ ಕಡಿಮೆಯಾಗುತ್ತೆ ಅನ್ನೋದನ್ನೂ ಅವರು ಕಂಡುಕೊಂಡರು.

ಸ್ವಲ್ಪ ಯೋಚಿಸಿ. ಮ್ಯಾನೇಜರ್ ತನ್ನ ತಲೆಯಿಂದ ಇಳಿಸಿಕೊಳ್ಳೋಕೆ ರಾತ್ರಿ 11ಕ್ಕೆ ಒಂದು ಮೇಲ್ ಹಾಕಿ ನೆಮ್ಮದಿಯಾಗಿ ಮಲಗ್ತಾರೆ. ಅದೇ ಮೇಲ್ ಹೊಸದಾಗಿ ಸೇರಿದ ಹುಡುಗಿಯ ತಲೆ ಮೇಲೆ ಬಂದು ಕೂರುತ್ತೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಇಬ್ಬರ ನಡುವೆ ಒಂದು ಮಾತು ಆಗಿಲ್ಲ ಅಷ್ಟೇ.

ಅಮೆರಿಕದ ವರ್ಜೀನಿಯಾ ಟೆಕ್‌ನ ವಿಲಿಯಂ ಬೆಕರ್ ಮತ್ತು ಜೊತೆಗಾರರು 2018ರಲ್ಲಿ ತೋರಿಸಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ರಾತ್ರಿ ಕೂತು ಮೇಲ್ ಮೇಲೆ ಕೆಲಸ ಮಾಡೋದೇ ಬೇಕಿಲ್ಲ. ಮೇಲ್ ನೋಡ್ತಿರಬೇಕು ಅನ್ನೋ ನಿರೀಕ್ಷೆ ಇದ್ದರೆ ಸಾಕು, ಆತಂಕ ಹೆಚ್ಚುತ್ತೆ. ಆ ಆತಂಕದ ಬಿಸಿ ಗಂಡ ಅಥವಾ ಹೆಂಡತಿಗೂ ತಟ್ಟುತ್ತೆ. "ಒಂದೂ ಮೇಲ್ ಬಂದಿಲ್ಲ, ಆದರೂ ಹತ್ತು ಸಲ ಫೋನ್ ನೋಡಿದೆ" ಅನ್ನೋ ಸಂಜೆಗಳಿಗೆ ಕಾರಣ ಇದೇ.

ಗಡಿಯಾರದ ಲೆಕ್ಕ

"ಆರು ಗಂಟೆ ಆದ್ಮೇಲೆ ಕೆಲಸ ಇಲ್ಲ" ಅಂತ ಬರೆಯೋದು ಸುಲಭ. ಆದರೆ ನಮ್ಮಲ್ಲಿ ಎಷ್ಟೋ ಜನರ ಕ್ಲೈಂಟ್ ಭೂಮಿಯ ಆ ಕಡೆ ಇರ್ತಾರೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ಅಂದ್ರೆ ನಮಗೆ ರಾತ್ರಿ 9.30. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ಅದೇ 9 ನಮಗೆ 10.30. ನ್ಯೂಯಾರ್ಕ್ ಆದರೆ ಸಂಜೆ 6.30 ಅಥವಾ 7.30. ಅವರ ಜೊತೆ ಮಾತಾಡಲೇಬೇಕಾದ ದಿನ ರಾತ್ರಿ ಕೂರೋದು ತಪ್ಪಲ್ಲ, ಅದು ಆ ಕೆಲಸದ ಸ್ವಭಾವ.

ತಪ್ಪೋದು ಎಲ್ಲಿ ಅಂದ್ರೆ ಕೂಡೋ ಲೆಕ್ಕದಲ್ಲಿ. ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಇಲ್ಲಿನ ಟೀಮ್ ಜೊತೆ. ಮತ್ತೆ 9.30ರಿಂದ 11ರವರೆಗೆ ಅಲ್ಲಿನ ಟೀಮ್ ಜೊತೆ. ವಾರಕ್ಕೆ ನಾಲ್ಕು ದಿನ ಹೀಗಾದರೂ ಹೆಚ್ಚುವರಿ ಆರು ಗಂಟೆ. ತಿಂಗಳಿಗೆ 24 ಗಂಟೆ, ಅಂದ್ರೆ ಎಂಟು ಗಂಟೆಯ ಮೂರು ದಿನದ ಕೆಲಸ. ಇದು ಯಾವ ಟೈಮ್‌ಶೀಟ್‌ನಲ್ಲೂ ಕಾಣೋದಿಲ್ಲ, ಯಾಕಂದ್ರೆ "ಒಂದು ಕಾಲ್ ಅಷ್ಟೇ", "ಒಂದು ಮೇಲ್ ಅಷ್ಟೇ". ನೈಟ್ ಶಿಫ್ಟಿಗೆ ಹೋಗುವವರನ್ನು ಬೆಳಗಿನ ಶಿಫ್ಟಿಗೂ ಬಾ ಅಂತ ಯಾವ ಕಾರ್ಖಾನೆಯೂ ದಿನಾ ಕರೆಯೋದಿಲ್ಲ. ರಾತ್ರಿ ಕಾಲ್ ಇರುವ ದಿನ ಬೆಳಿಗ್ಗೆ ತಡವಾಗಿ ಶುರು ಮಾಡ್ತೀನಿ ಅಂತ ಕೇಳೋದರಲ್ಲಿ ಸೋಮಾರಿತನ ಏನೂ ಇಲ್ಲ.

ಕಾನೂನು ಎಲ್ಲಿದೆ?

ನಮ್ಮ ರಾಜ್ಯದಲ್ಲಿ ಆಫೀಸುಗಳ ಕೆಲಸದ ಅವಧಿಗೆ ಇರೋದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಗಂಟೆ, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಅದಕ್ಕೆ ಎರಡರಷ್ಟು ಸಂಬಳ. ಇದು ಆ ಕಾಯ್ದೆ ಹಾಕಿದ ಮೂಲ ಗೆರೆ. ಆದರೆ ಅದು ಬಂದ ಕಾಲದಲ್ಲಿ ಕೆಲಸ ಅಂದ್ರೆ ಅಂಗಡಿಯ ಬಾಗಿಲು ತೆಗೆದಿರೋದು ಅಥವಾ ಆಫೀಸಿನ ಕುರ್ಚಿಯಲ್ಲಿ ಕೂತಿರೋದು. ಹಾಸಿಗೆ ಮೇಲೆ ಮಲಗಿ ಮೇಲ್ ಓದಿದ್ದು ಕೆಲಸವಾ ಅನ್ನೋ ಪ್ರಶ್ನೆಯನ್ನು ಆಗ ಯಾರು ತಾನೇ ಊಹಿಸಿದ್ರು?

ಚರ್ಚೆ ಬೇರೆ ದಿಕ್ಕಿನಲ್ಲೂ ಸಾಗಿತ್ತು. 2024ರ ಜುಲೈನಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 12 ಗಂಟೆಗೂ ಹೆಚ್ಚು ಕೆಲಸಕ್ಕೆ, ಮೂರು ತಿಂಗಳಲ್ಲಿ 125 ಗಂಟೆಯ ಓವರ್‌ಟೈಮ್‌ಗೆ ದಾರಿ ಮಾಡುವ ತಿದ್ದುಪಡಿ ಪ್ರಸ್ತಾವ ಕರ್ನಾಟಕದಲ್ಲಿ ಬಂತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು.

ದೆಹಲಿಯ ಕಡೆ ನೋಡಿದರೆ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆ ಮತ್ತು ಮೇಲ್‌ಗೆ ಉತ್ತರಿಸದೆ ಇರುವ ಹಕ್ಕು ಬೇಕು ಅಂತ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. 2025ರ ಡಿಸೆಂಬರ್‌ನಲ್ಲಿ ಅದನ್ನೇ ಮತ್ತೆ ಮಂಡಿಸಿದರು. ಖಾಸಗಿ ಮಸೂದೆಯೊಂದು ನಮ್ಮ ಸಂಸತ್ತಿನಲ್ಲಿ ಕೊನೆಯದಾಗಿ ಪಾಸಾಗಿದ್ದು 1970ರಲ್ಲಿ. ಹಾಗಾಗಿ ಕಾನೂನು ಬರುತ್ತೆ ಅಂತ ಕಾಯ್ತಾ ಕೂರೋಕಾಗಲ್ಲ.

ಬೇರೆ ದೇಶಗಳಲ್ಲಿ ಇದು ಆಗಿದೆ. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ ದೊಡ್ಡ ಕಂಪನಿಗಳು ಈ ಬಗ್ಗೆ ನೌಕರರ ಜೊತೆ ಮಾತುಕತೆ ನಡೆಸಲೇಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಈ ಹಕ್ಕು ಜಾರಿಯಲ್ಲಿದೆ. ಆಸ್ಟ್ರೇಲಿಯಾದ ಕಾನೂನು ನನಗೆ ಇಷ್ಟವಾಗಿದ್ದು ಅದರ ಹದಕ್ಕೆ. ಬಾಸ್ ಫೋನ್ ಮಾಡಲೇಬಾರದು ಅಂತ ಅದು ಹೇಳೋದಿಲ್ಲ. ನೌಕರರು ನಿರಾಕರಿಸಬಹುದು, ಆದರೆ ಆ ನಿರಾಕರಣೆ ಅಸಮಂಜಸ ಆಗಿರಬಾರದು. ಅದನ್ನು ತೀರ್ಮಾನಿಸೋಕೆ ಕೆಲವು ಪ್ರಶ್ನೆಗಳಿವೆ: ಯಾಕೆ ಸಂಪರ್ಕಿಸಿದರು? ಹೇಗೆ ಸಂಪರ್ಕಿಸಿದರು, ಅದರಿಂದ ಎಷ್ಟು ತೊಂದರೆ ಆಯ್ತು? ಹೀಗೆ ಸಿಗೋದಕ್ಕೆ ದುಡ್ಡು ಅಥವಾ ಬೇರೆ ಪರಿಹಾರ ಇದೆಯಾ? ಆ ವ್ಯಕ್ತಿಯ ಜವಾಬ್ದಾರಿ ಎಂಥದ್ದು? ಮನೆಯ ಪರಿಸ್ಥಿತಿ ಏನು? ಈ ಪ್ರಶ್ನೆಗಳಿಗೆ ವೀಸಾ ಬೇಕಿಲ್ಲ, ಯಾವ ಟೀಮ್ ಬೇಕಾದರೂ ಕೂತು ಕೇಳ್ಕೋಬಹುದು.

ಏನು ಮಾಡಬಹುದು?

ಮೊದಲ ಕೆಲಸ, ದಾರಿಗಳನ್ನು ಬೇರೆ ಮಾಡೋದು. ಮೇಲ್ ಅಂದ್ರೆ ಮುಂದಿನ ಕೆಲಸದ ದಿನ ಉತ್ತರ. ಚಾಟ್ ಅಂದ್ರೆ ಕೆಲಸದ ಹೊತ್ತಿನಲ್ಲಿ ಉತ್ತರ. ನಿಜವಾಗಲೂ ಬೆಂಕಿ ಬಿದ್ದಿದ್ದರೆ ಫೋನ್ ಕರೆ, ಯಾವ ಹೊತ್ತಾದರೂ ಸರಿ. ಇಷ್ಟನ್ನು ಟೀಮ್ ಮೀಟಿಂಗ್‌ನಲ್ಲಿ ಮಾತಾಡಿ, ಎಲ್ಲರೂ ನೋಡುವ ಜಾಗದಲ್ಲಿ ಬರೆದಿಡಿ. ಫೋನ್ ಮಾಡೋಕೆ ಮೇಲ್‌ಗಿಂತ ಹೆಚ್ಚು ಧೈರ್ಯ ಬೇಕು. ರಾತ್ರಿ 11ಕ್ಕೆ ಎಕ್ಸೆಲ್ ಶೀಟಿನ ಬಣ್ಣ ಬದಲಾಯಿಸೋಕೆ ಯಾರೂ ಫೋನ್ ಮಾಡೋದಿಲ್ಲ. ಬಾಗಿಲು ತಟ್ಟುವ ಶ್ರಮ ಅಂದೆನಲ್ಲ, ಅದು ಇದೇ.

ಎರಡನೆಯದು, "ಆಗಲ್ಲ" ಅಂತ ಶುರು ಮಾಡಬೇಡಿ, "ಹೀಗೆ ಸಿಗ್ತೀನಿ" ಅಂತ ಶುರು ಮಾಡಿ. ಮ್ಯಾನೇಜರ್‌ಗೆ ಹೀಗೆ ಹೇಳಿ ನೋಡಿ: "ಬೆಳಿಗ್ಗೆ 10ರಿಂದ 7ರವರೆಗೆ ಮೇಲ್, ಚಾಟ್ ಎರಡರಲ್ಲೂ ಇರ್ತೀನಿ. ಮಂಗಳವಾರ, ಗುರುವಾರ ರಾತ್ರಿ ಕ್ಲೈಂಟ್ ಕಾಲ್ ನಾನೇ ತಗೋತೀನಿ, ಆ ಮರುದಿನ 12ಕ್ಕೆ ಶುರು ಮಾಡ್ತೀನಿ. ಉಳಿದ ರಾತ್ರಿ ಪ್ರೊಡಕ್ಷನ್ ಬಿದ್ದರೆ ಫೋನ್ ಮಾಡಿ, ಎತ್ತುತ್ತೀನಿ." ಇದರಲ್ಲಿ ಕೇಳುವವರಿಗೂ ನೆಮ್ಮದಿ ಇದೆ. ಯಾವಾಗ ಸಿಗ್ತಾರೋ ಗೊತ್ತಿಲ್ಲದವರಿಗಿಂತ, ಹೇಳಿದ ಹೊತ್ತಿಗೆ ಖಂಡಿತ ಸಿಗುವವರನ್ನು ನಂಬೋದು ಸುಲಭ.

ಮೂರನೆಯದು, ಫೋನಿಗೂ ಇದನ್ನು ಕಲಿಸಿ. ಮೇಲ್ ಆ್ಯಪ್‌ನ ನೋಟಿಫಿಕೇಶನ್ ಸಂಜೆಗೆ ನಿಲ್ಲಲಿ. ಆಂಡ್ರಾಯ್ಡ್‌ನಲ್ಲಿ ಕಂಪನಿ ವರ್ಕ್ ಪ್ರೊಫೈಲ್ ಹಾಕಿಕೊಟ್ಟಿದ್ದರೆ ಆಫೀಸ್ ಆ್ಯಪ್‌ಗಳನ್ನೆಲ್ಲ ಒಂದೇ ಸಲ ನಿಲ್ಲಿಸಬಹುದು. ಐಫೋನ್‌ನಲ್ಲಿ ಫೋಕಸ್ ಇದೆ. ಡು ನಾಟ್ ಡಿಸ್ಟರ್ಬ್ ಹಾಕಿದರೆ ತುರ್ತು ಕರೆ ತಪ್ಪುತ್ತೆ ಅನ್ನೋ ಭಯ ಬೇಡ. ಒಬ್ಬರೇ ಸ್ವಲ್ಪ ಹೊತ್ತಿನಲ್ಲಿ ಎರಡನೇ ಸಲ ಕರೆ ಮಾಡಿದರೆ ರಿಂಗ್ ಆಗಲಿ ಅನ್ನೋ ಸೆಟ್ಟಿಂಗ್ ಎರಡರಲ್ಲೂ ಇದೆ. ಅದನ್ನು ಆನ್ ಮಾಡಿ, ಟೀಮ್‌ಗೂ ಹೇಳಿಡಿ.

ನಾಲ್ಕನೆಯದು ಲೀಡ್‌ಗಳಿಗೆ, ಮ್ಯಾನೇಜರ್‌ಗಳಿಗೆ. ನಮ್ಮ ವಯಸ್ಸಿನವರು ಈಗ ಆ ಕುರ್ಚಿಗೂ ಬರ್ತಿದ್ದೀವಿ. ರಾತ್ರಿ ಯೋಚನೆ ಬಂದರೆ ಬರೆಯಿರಿ, ತೊಂದರೆ ಇಲ್ಲ. ಆದರೆ ಕಳಿಸೋದು ಬೆಳಿಗ್ಗೆ ಒಂಬತ್ತೂವರೆಗೆ ಅಂತ ಶೆಡ್ಯೂಲ್ ಮಾಡಿ. ಜಿಮೇಲ್‌ನಲ್ಲಿ ಈ ಸೌಲಭ್ಯ 2019ರಿಂದ ಇದೆ, ಔಟ್‌ಲುಕ್‌ನಲ್ಲೂ ಇದೆ. 2011ರಲ್ಲೇ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಶಿಫ್ಟ್ ಮುಗಿದ ಅರ್ಧ ಗಂಟೆಗೆ ತನ್ನ ಕೆಲವು ನೌಕರರ ಬ್ಲ್ಯಾಕ್‌ಬೆರಿಗೆ ಮೇಲ್ ಹೋಗೋದನ್ನು ಸರ್ವರ್‌ನಲ್ಲೇ ನಿಲ್ಲಿಸಿತ್ತು. ಮರುದಿನದ ಶಿಫ್ಟಿಗೆ ಅರ್ಧ ಗಂಟೆ ಮುಂಚೆ ಮತ್ತೆ ಶುರು. ಫೋನ್ ಕರೆಗೆ ತಡೆ ಇರಲಿಲ್ಲ ಅನ್ನೋದನ್ನೂ ಗಮನಿಸಿ.

ಐದನೆಯದು, ರಾತ್ರಿ ಸಪೋರ್ಟ್ ಬೇಕೇ ಬೇಕು ಅಂದ್ರೆ ಅದಕ್ಕೆ ಪಾಳಿ ಮಾಡಿ. ಈ ವಾರ ಒಬ್ಬರು, ಮುಂದಿನ ವಾರ ಇನ್ನೊಬ್ಬರು. ಪಾಳಿಯಲ್ಲಿರುವವರಿಗೆ ಭತ್ಯೆಯೋ ಕಾಂಪ್ ಆಫ್ ಒಂದೋ ಇರಲಿ. ಆರು ಜನರ ಟೀಮ್‌ನಲ್ಲಿ ಪಾಳಿ ಇದ್ದರೆ ಐದು ಜನ ನಿಶ್ಚಿಂತೆಯಾಗಿ ಮಲಗ್ತಾರೆ. ಪಾಳಿ ಇಲ್ಲದಿದ್ದರೆ ಆರೂ ಜನ ಅರ್ಧ ಎಚ್ಚರದಲ್ಲಿರ್ತಾರೆ.

ಎಲ್ಲರಿಗೂ ಒಂದೇ ಅಳತೆ ಅಲ್ಲ

ಇಷ್ಟೆಲ್ಲ ಓದಿ "ನಮ್ಮ ಕಂಪನಿಯಲ್ಲಿ ಇದೆಲ್ಲ ನಡೆಯಲ್ಲ ಗುರು" ಅನ್ನುವವರು ಇದ್ದೇ ಇರ್ತಾರೆ. ಅವರ ಮಾತಿನಲ್ಲೂ ನಿಜ ಇದೆ. ಪ್ರೊಬೇಷನ್‌ನಲ್ಲಿರುವ ಹುಡುಗ, ಕಾಂಟ್ರ್ಯಾಕ್ಟ್ ಮೇಲೆ ಇರುವವರು, ಲೇಆಫ್ ಪಟ್ಟಿಯ ಸುದ್ದಿ ಓಡಾಡ್ತಿರುವ ಟೀಮ್, ತಲೆ ಮೇಲೆ ಹೋಮ್ ಲೋನ್ ಇರುವವರು ಒಬ್ಬೊಬ್ಬರೇ ಎದ್ದು ನಿಂತು ಗೆರೆ ಎಳೆಯೋದು ಕಷ್ಟ. ಅದಕ್ಕೇ ಇದನ್ನು ಒಬ್ಬರ ಧೈರ್ಯದ ಪರೀಕ್ಷೆ ಮಾಡಬಾರದು. ಟೀಮ್‌ನಲ್ಲಿ ಸ್ವಲ್ಪ ಗಟ್ಟಿ ಜಾಗದಲ್ಲಿರುವವರು, ಐದಾರು ವರ್ಷ ಆದವರು, ಮಾತು ತೆಗೆಯಬೇಕು. ನಿಮ್ಮ ಒಂದು ಪ್ರಶ್ನೆಯಿಂದ ನಿಮ್ಮ ಜೂನಿಯರ್‌ಗೆ ನಿದ್ದೆ ಸಿಗಬಹುದು.

ಎಲ್ಲರ ಗೆರೆ ಒಂದೇ ಹೊತ್ತಿಗೆ ಇರಬೇಕಿಲ್ಲ ಅನ್ನೋದೂ ನೆನಪಿರಲಿ. ಸ್ಕೂಲಿಂದ ಮಗು ಬರುವ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ, ಮಗು ಮಲಗಿದ ಮೇಲೆ ಒಂಬತ್ತಕ್ಕೆ ಮತ್ತೆ ಕೂರೋದು ಕೆಲವು ತಾಯಂದಿರಿಗೆ ಅನುಕೂಲ. ಅವರು ರಾತ್ರಿ ಮೇಲ್ ಮಾಡಿದರೆ ತಪ್ಪೇನಿದೆ? ಅವರ ರಾತ್ರಿ ಇನ್ನೊಬ್ಬರ ರಾತ್ರಿಯನ್ನು ಎಬ್ಬಿಸದಿದ್ದರೆ ಸಾಕು. "ನನಗೆ ಈಗ ಅನುಕೂಲ, ನೀವು ನಿಮ್ಮ ಹೊತ್ತಿಗೆ ನೋಡಿ" ಅಂತ ಮೇಲ್‌ನ ಕೊನೆಗೆ ಒಂದು ಸಾಲು ಇಟ್ಟರೆ ಆಯ್ತು.

ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಎತ್ತಬೇಡಿ. ಒಂದೇ ಪ್ರಶ್ನೆ ಕೇಳಿ: "ರಾತ್ರಿ ಬಂದ ಮೇಲ್‌ಗೆ ಬೆಳಿಗ್ಗೆ ಉತ್ತರ ಕೊಟ್ಟರೆ ನಮ್ಮ ಯಾವ ಕೆಲಸ ನಿಲ್ಲುತ್ತೆ?" ಬಂದ ಉತ್ತರಗಳನ್ನು ಬರೆದುಕೊಳ್ಳಿ. ಪಟ್ಟಿ ಉದ್ದ ಆದರೆ ನಿಮ್ಮ ಟೀಮ್‌ಗೆ ಬೇಕಿರೋದು ಪಾಳಿ. ಎರಡೇ ಸಾಲಿಗೆ ನಿಂತರೆ ಆ ಎರಡಕ್ಕೆ ಮಾತ್ರ ಫೋನ್ ನಂಬರ್ ಕೊಟ್ಟು, ಉಳಿದಿದ್ದಕ್ಕೆ "ಬೆಳಿಗ್ಗೆ ನೋಡ್ತೀನಿ" ಅಂತ ಧಾರಾಳವಾಗಿ ಹೇಳಬಹುದು.